ಬೀದಿ ಬೆಕ್ಕಿನ ಗುಂಪಿಗೆ ಪಾರ್ವೊ ತಗುಲಿದಾಗ

ಪ್ರಶ್ನೆ: ಹತ್ತಿರ ಹೋದರೆ ಓಡಿಬಿಡುವ ಹದಿನೈದು ಬೆಕ್ಕುಗಳಿಗೆ ದಿನವೂ ಊಟ ಹಾಕುತ್ತೇವೆ. ಒಂದೇ ವಾರದಲ್ಲಿ ಮೂರು ಮರಿಗಳು ಸತ್ತವು. ದೊಡ್ಡದೊಂದು ಹಳದಿ ನೊರೆ ಕಕ್ಕುತ್ತಿದೆ, ನೀರಿನ ಬಟ್ಟಲಿನ ಮೇಲೆ ತಲೆ ಬಾಗಿಸಿ ಕೂತಿರುತ್ತದೆ, ಕುಡಿಯುವುದಿಲ್ಲ. ಯಾರಾದರೂ ವಿಷ ಹಾಕಿರಬಹುದೇ?

ಉತ್ತರ: ಅನುಮಾನ ಸಹಜ. ಸಂಜೆ ಆಡಿಕೊಂಡಿದ್ದ ಮರಿ ಬೆಳಗಾಗುವಷ್ಟರಲ್ಲಿ ಸತ್ತಿದ್ದರೆ ಯಾರಿಗಾದರೂ ಹಾಗನ್ನಿಸುತ್ತದೆ. ಆದರೆ ಮರಿಗಳೇ ಮೊದಲು ಹೋಗುವುದು, ಒಂದೆರಡು ದಿನಕ್ಕೊಂದರಂತೆ ಬೀಳುವುದು, ನೀರಿನ ಮುಂದೆ ಕೂತೂ ಕುಡಿಯಲಾಗದಿರುವುದು ಒಟ್ಟಿಗೆ ಕಂಡರೆ ಮೊದಲು ಶಂಕಿಸಬೇಕಾದ್ದು ಪ್ಯಾನ್‌ಲ್ಯೂಕೋಪೀನಿಯಾ, ಅಂದರೆ ಬೆಕ್ಕಿನ ಪಾರ್ವೊ. ಈ ವೈರಸ್ ಕರುಳಿನ ಒಳಪದರವನ್ನೂ ಮೂಳೆಮಜ್ಜೆಯನ್ನೂ ಕೆಡಿಸುತ್ತದೆ; ಬಿಳಿ ರಕ್ತಕಣಗಳು ಕುಸಿದು, ನೀರಿನಂಶ ಕಳೆದುಕೊಂಡು ಬೆಕ್ಕು ಸಾಯುತ್ತದೆ. ಸೀನು, ಕಣ್ಣಿನ ಪಿಸುರು, ಬಾಯಿಹುಣ್ಣು ಮುಂದಾಗಿದ್ದರೆ ಅದು ಬೆಕ್ಕಿನ ಫ್ಲೂ ಇರಬಹುದು.

ತಾಜಾ ಮಲವನ್ನೋ ಸತ್ತ ಮರಿಯನ್ನೋ ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ ಪಶುವೈದ್ಯರಿಗೆ ಒಪ್ಪಿಸಿ. ನಾಯಿಯ ಪಾರ್ವೊಗೆ ಬಳಸುವ ಮಲಪರೀಕ್ಷೆಯ ಕಿಟ್ ಇದನ್ನೂ ಹಿಡಿಯುತ್ತದೆ. ನೆಗೆಟಿವ್ ಬಂತೆಂದು ನಿಶ್ಚಿಂತರಾಗಬೇಡಿ, ರೋಗವಿದ್ದೂ ಹಾಗೆ ಬರುವುದುಂಟು.

ಪ್ರಶ್ನೆ: ಕೈಗೇ ಸಿಗದ ಬೆಕ್ಕುಗಳನ್ನು ಬೇರ್ಪಡಿಸುವುದು ಹೇಗೆ? ಊಟದಲ್ಲಿ ಆಂಟಿಬಯೋಟಿಕ್ ಬೆರೆಸಿಬಿಡಬಹುದೇ?

ಉತ್ತರ: ಬೆರೆಸಬೇಡಿ. ಗಟ್ಟಿಮುಟ್ಟಾದ ಗಂಡುಬೆಕ್ಕು ಮೂರು ಪಾಲು ತಿನ್ನುತ್ತದೆ, ಕಾಯಿಲೆಯದ್ದು ಮೂಸಿಯೂ ನೋಡುವುದಿಲ್ಲ. ಆಂಟಿಬಯೋಟಿಕ್‌ಗೆ ವೈರಸ್ ಬಗ್ಗುವುದೂ ಇಲ್ಲ. ಬೆನ್ನಿಗೇ ಬರುವ ಬ್ಯಾಕ್ಟೀರಿಯಾ ಸೋಂಕಿಗಷ್ಟೇ ಅದು, ಅದನ್ನೂ ಡ್ರಿಪ್ ಜೊತೆ ವೈದ್ಯರೇ ಕೊಡಬೇಕು. ಜ್ವರವೆಂದು ಪ್ಯಾರಾಸಿಟಮಾಲ್ ಅಂತೂ ಬೇಡವೇ ಬೇಡ, ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು.

ಬೇರ್ಪಡಿಸಲಾಗದಿದ್ದರೆ ಬಟ್ಟಲನ್ನಾದರೂ ಬೇರ್ಪಡಿಸಿ. ದೊಡ್ಡ ತಟ್ಟೆಯಲ್ಲಿ ಸುರಿಯುವುದನ್ನು ಇಂದೇ ನಿಲ್ಲಿಸಿ, ಒಂದೊಂದಕ್ಕೆ ಒಂದೊಂದು ಕಾಗದದ ತಟ್ಟೆ, ನಡುವೆ ಐದಾರು ಅಡಿ ಅಂತರ. ಹೊತ್ತು ತಪ್ಪಿಸಬೇಡಿ. ಅರ್ಧ ಗಂಟೆಯಲ್ಲಿ ಉಳಿದದ್ದನ್ನು ತಟ್ಟೆ ಸಮೇತ ಚೀಲಕ್ಕೆ ಹಾಕಿ. ಹೊತ್ತಿಗೆ ಸರಿಯಾಗಿ ಹಾಕಿದರೆ ಯಾವುದು ಬಂದಿಲ್ಲ, ಯಾವುದು ಮೂಸಿ ಹಿಂದೆ ಸರಿಯಿತು ಎಂಬುದು ಗೊತ್ತಾಗುತ್ತದೆ; ಒಂದು ಚೀಟಿಯಲ್ಲಿ ಬರೆದಿಡಿ. ಊಟ ಬಿಟ್ಟ ದಿನವೇ ಬೋನಿಡಿ. ಪೂರ್ತಿ ಹಸಿವು ಸತ್ತ ಮೇಲೆ ಯಾವ ಮೀನಿನ ವಾಸನೆಗೂ ಅದು ಬೋನಿಗೆ ಬರದು, ಎಲ್ಲೋ ಸಂದಿಯಲ್ಲಿ ಮುದುರಿಕೊಳ್ಳುತ್ತದೆ. ಬರಿಗೈಯಲ್ಲಿ ಹಿಡಿಯಲು ಹೋಗಬೇಡಿ. ಕಚ್ಚಿದರೆ 15 ನಿಮಿಷ ಸೋಪು ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ, ರೇಬಿಸ್ ವಿಚಾರದಲ್ಲಿ ಉಪೇಕ್ಷೆ ಸಲ್ಲದು.

ಇನ್ನೂ ಚೆನ್ನಾಗಿರುವವನ್ನು ಬೋನಿನಲ್ಲಿ ಹಿಡಿದು ಲಸಿಕೆ ಹಾಕಿಸಿ ಅಂದೇ ಬಿಡುವುದು ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ ಕೆಲಸ. ದುರ್ಬಲಗೊಳಿಸಿದ ಜೀವಂತ ವೈರಸ್‌ನ ಲಸಿಕೆ ಕೆಲವೇ ದಿನಗಳಲ್ಲಿ ರಕ್ಷಣೆ ಕೊಡುತ್ತದೆ; ಬೆಳೆದ ಬೆಕ್ಕಿಗೆ ಒಂದು ಡೋಸ್ ಸಿಕ್ಕರೂ ದೊಡ್ಡ ಲಾಭ. ಮರಿಗಳಿಗೆ ಮಾತ್ರ ಒಂದು ಸಾಲದು. ತಾಯಿಯಿಂದ ಬಂದ ಪ್ರತಿಕಾಯಗಳು ಲಸಿಕೆಯನ್ನೇ ಅಡಗಿಸಿಬಿಡುವುದರಿಂದ ಎರಡು-ಮೂರು ವಾರಕ್ಕೊಮ್ಮೆ ಪುನಃ ಹಾಕಿಸಬೇಕು. ಬಸುರಿ ಬೆಕ್ಕಿಗೆ ಮತ್ತು ನಾಲ್ಕು ವಾರ ತುಂಬದ ಮರಿಗೆ ಈ ಲಸಿಕೆ ಹಾಕುವುದಿಲ್ಲ. ಹೊಟ್ಟೆಯಲ್ಲಿರುವ ಮರಿಗಳ ಕಿರುಮೆದುಳು ಬೆಳೆಯದೆ ಹೋಗುವ ಅಪಾಯವಿದೆ. ಅಂಥವುಗಳ ಬಗ್ಗೆ ವೈದ್ಯರನ್ನೇ ಕೇಳಿ.

ಪ್ರಶ್ನೆ: ಜಾಗವನ್ನೆಲ್ಲ ಫಿನಾಯಿಲ್ ಹಾಕಿ ತೊಳೆದಿದ್ದೇವೆ. ಸಾಕೇ?

ಉತ್ತರ: ಸಾಕಾಗುವುದಿಲ್ಲ, ಜೊತೆಗೆ ಅಪಾಯ. ಫೀನಾಲ್ ಇರುವ ದ್ರಾವಣಗಳನ್ನು ಬೆಕ್ಕಿನ ಯಕೃತ್ತು ಅರಗಿಸಿಕೊಳ್ಳಲಾರದು, ಪಾದಕ್ಕಂಟಿದ್ದನ್ನು ನೆಕ್ಕಿದರೇ ವಿಷ. ಸ್ಯಾನಿಟೈಸರ್‌ನ ಆಲ್ಕೋಹಾಲ್‌ಗೂ ಈ ವೈರಸ್ ಜಗ್ಗದು. ಅನುಕೂಲವಾದ ಜಾಗದಲ್ಲಿ ಅದು ಒಂದು ವರ್ಷದವರೆಗೂ ಉಳಿಯುತ್ತದೆ. ಬೇಕಾದ್ದು ಬ್ಲೀಚ್ ದ್ರಾವಣ: ಶೇ. 5ರ ಸೋಡಿಯಂ ಹೈಪೋಕ್ಲೋರೈಟ್ 30 ಮಿ.ಲೀ.ಗೆ ಒಂದು ಲೀಟರ್ ನೀರು, ಪ್ರತಿದಿನ ಹೊಸದಾಗಿ ಬೆರೆಸಿದ್ದು. ಮೊದಲು ಮಲ, ವಾಂತಿ ತೆಗೆದು ಸೋಪಿನಿಂದ ಉಜ್ಜಿ. ಕೊಳೆಯ ಮೇಲೆ ಸುರಿದರೆ ಬ್ಲೀಚ್ ಕೊಳೆಯಲ್ಲೇ ಖರ್ಚಾಗಿ ವೈರಸ್ ಹಾಗೇ ಉಳಿಯುತ್ತದೆ. ಬಳಿಕ 10 ನಿಮಿಷ ಒದ್ದೆಯಾಗಿಯೇ ಬಿಟ್ಟು, ನೀರಿನಿಂದ ತೊಳೆದು ಒಣಗಿಸಿ. ಮೂತ್ರದ ಮೇಲೆ ಅಥವಾ ಆ್ಯಸಿಡ್ ಜೊತೆ ಬ್ಲೀಚ್ ಬೆರೆತರೆ ಕೆಟ್ಟ ಅನಿಲ ಏಳುತ್ತದೆ. ಮಣ್ಣಿನ ಮೇಲೆ ಇದಾವುದೂ ನಡೆಯದು, ಊಟದ ಜಾಗವನ್ನು ಸಿಮೆಂಟ್ ನೆಲಕ್ಕೆ ಬದಲಿಸಿ. ರಟ್ಟಿನ ಡಬ್ಬ, ಹಳೇ ಕಂಬಳಿ ಎಸೆದುಬಿಡಿ.

ಎರಡು ಗುಂಪುಗಳಿಗೆ ಊಟ ಹಾಕುವವರಿದ್ದರೆ ಆರೋಗ್ಯವಾಗಿರುವ ಗುಂಪಿಗೆ ಮೊದಲು ಹೋಗಿ, ಕಾಯಿಲೆಯ ಗುಂಪಿಗೆ ಕೊನೆಗೆ, ಅಲ್ಲಿಗೇ ಮೀಸಲಾದ ಚಪ್ಪಲಿಯಲ್ಲಿ.

ಪ್ರಶ್ನೆ: ಮುಂದಿನ ವಾರ ಸಂತಾನಹರಣ ಚಿಕಿತ್ಸೆಗೆ ಎಂಟು ಬೆಕ್ಕು ಕೊಡಬೇಕಿತ್ತು. ಕೊಡಬಹುದೇ? ಮನೆಯವರಿಗೆ ಅಂಟುತ್ತದೆಯೇ?

ಉತ್ತರ: ಮನುಷ್ಯರಿಗೆ ಅಂಟುವುದಿಲ್ಲ. ಚಿಕಿತ್ಸೆ ಮುಂದೂಡಿ. ಸೋಂಕು ತಗುಲಿ ಎರಡು ವಾರದವರೆಗೂ ಲಕ್ಷಣ ಕಾಣದಿರಬಹುದು, ಅಂಥದ್ದೊಂದು ಆಸ್ಪತ್ರೆಯ ಅಷ್ಟೂ ಪಂಜರಗಳಿಗೆ ಹಬ್ಬಿಸೀತು. ಕೊನೆಯ ಪ್ರಕರಣ ಕಂಡು ಕನಿಷ್ಠ 14 ದಿನ ಕಳೆಯಲಿ, ಕೊಡುವಾಗ ಆಸ್ಪತ್ರೆಗೆ ವಿಷಯ ಮುಚ್ಚಿಡಬೇಡಿ. ಚೇತರಿಸಿಕೊಂಡ ಬೆಕ್ಕನ್ನಂತೂ ಆರು ವಾರ ಬೇರೆಲ್ಲೂ ಒಯ್ಯಬೇಡಿ, ಅದರ ಮಲದಲ್ಲಿ ಅಷ್ಟು ಕಾಲ ವೈರಸ್ ಬರಬಹುದು.