ಕಾರ್ಡ್ ತೋರಿಸಿದರೂ ಮಾತು ಕೇಳುತ್ತಿಲ್ಲ!

ಪ್ರಶ್ನೆ: ಈಚೆಗಷ್ಟೇ ಫುಟ್‌ಬಾಲ್ ರೆಫರಿಯಾಗಿದ್ದೇನೆ. ಮೊದಲರ್ಧ ಹೇಗೋ ಸಾಗುತ್ತದೆ, ಆಮೇಲೆ ಪ್ರತಿ ಸೀಟಿಗೂ ಆಟಗಾರರು ಬಂದು ಮುತ್ತಿಕೊಳ್ಳುತ್ತಾರೆ. ಕಾರ್ಡ್ ಮೇಲೆ ಕಾರ್ಡ್ ತೋರಿಸಿದರೂ ಜಗ್ಗುವುದಿಲ್ಲ. ಏನು ಮಾಡಲಿ?

ಉತ್ತರ: ಕೊನೆಯ ಗಲಾಟೆ ಶುರುವಾಗುವುದು ಹೆಚ್ಚಾಗಿ ಮೊದಲ 15 ನಿಮಿಷದಲ್ಲೇ. ಈ ರೆಫರಿ ಎಷ್ಟು ಬಿಡುತ್ತಾರೆ, ಎಲ್ಲಿ ಹಿಡಿಯುತ್ತಾರೆ ಅಂತ ಎರಡೂ ತಂಡ ಆಗಲೇ ಅಳೆದು ನೋಡುತ್ತವೆ. 2006ರ ವಿಶ್ವಕಪ್‌ನ ಪೋರ್ಚುಗಲ್–ನೆದರ್ಲೆಂಡ್ಸ್ ಪಂದ್ಯ ನೋಡಿ. 7ನೇ ನಿಮಿಷದಲ್ಲಿ ನೆದರ್ಲೆಂಡ್ಸ್‌ನ ಬುಲಾರೂಜ್, ಪೋರ್ಚುಗಲ್‌ನ ರೊನಾಲ್ಡೊ ತೊಡೆಗೆ ಬೂಟು ಊರಿದರು, ಸಿಕ್ಕಿದ್ದು ಹಳದಿ ಕಾರ್ಡ್. ಅದು ಕೆಂಪೇ ಆಗಬೇಕಿತ್ತು ಅನ್ನುವವರಲ್ಲಿ ನಾನೂ ಒಬ್ಬ. ಕೊನೆಗೆ 16 ಹಳದಿ, 4 ಕೆಂಪು! ಅಷ್ಟು ಕಾರ್ಡ್ ಹೊರಬಂದರೂ ಆಟ ತಣ್ಣಗಾಗಲಿಲ್ಲ.

ಹಾಗಾಗಿ ಮೊದಲ ಒರಟು ಫೌಲ್ ಬಗ್ಗೆ ಜಾಸ್ತಿ ಗಮನ ಕೊಡಿ. ಚೆಂಡು ಹೋದ ಮೇಲೆ ತಡವಾಗಿ ಬಂದು ಕಾಲಿಗೆ ಒದ್ದರು ಅಂದುಕೊಳ್ಳಿ. ಜೋರಾಗಿ, ಉದ್ದಕ್ಕೆ ಸೀಟಿ ಊದಿ, ಊದುತ್ತಲೇ ಆ ಜಾಗಕ್ಕೆ ಓಡಿ, ಬಿದ್ದವನ ಜೊತೆಗಾರರು ಬರುವ ಮೊದಲೇ ನೀವು ಇಬ್ಬರ ನಡುವೆ ನಿಂತಿರಬೇಕು. ಇಪ್ಪತ್ತು ಮೀಟರ್ ದೂರದಿಂದ ಕೈ ತೋರಿಸಿದರೆ ನಿಮ್ಮ ತೀರ್ಪು ಸರಿಯಿದ್ದರೂ ಯಾರೂ ನಂಬುವುದಿಲ್ಲ, ಹತ್ತಿರ ನಿಂತವರ ಜೊತೆ ವಾದಕ್ಕಿಳಿಯುವುದು ಕಷ್ಟ ಅಲ್ವಾ? ಸುಮ್ನೆ ಅಂಗಿ ಎಳೆದದ್ದಕ್ಕೆ ಚಿಕ್ಕದೊಂದು ಸೀಟಿ ಸಾಕು. ಎಲ್ಲಕ್ಕೂ ಒಂದೇ ಥರ ಊದಿದರೆ ಯಾವುದು ಗಂಭೀರ ಅಂತ ಆಟಗಾರರಿಗೆ ತಿಳಿಯುವುದಿಲ್ಲ.

ಮುತ್ತಿಕೊಳ್ಳುವವರಿಗೆ ಒಂದು ದಾರಿ ಇದೆ. 2024ರ ಯೂರೋ ಕಪ್‌ನಲ್ಲಿ ರೆಫರಿ ಹತ್ತಿರ ಬಂದು ಮಾತಾಡಲು ಕ್ಯಾಪ್ಟನ್‌ಗೆ ಮಾತ್ರ ಅವಕಾಶವಿತ್ತು. ನೀವೂ ಟಾಸ್ ಹೊತ್ತಿಗೇ ಇಬ್ಬರು ಕ್ಯಾಪ್ಟನ್‌ಗಳಿಗೂ ಇದನ್ನು ಹೇಳಿಬಿಡಿ. ಆಮೇಲೆ ಯಾರಾದರೂ ಪದೇ ಪದೇ ಫೌಲ್ ಮಾಡಿದರೆ ಕ್ಯಾಪ್ಟನ್‌ನನ್ನೂ ಕರೆದು, ಎಲ್ಲರಿಗೂ ಕಾಣುವಂತೆ ಎಚ್ಚರಿಕೆ ಕೊಡಿ. ಮುಂದಿನ ಸಲ ಹಳದಿ ತೋರಿಸಿದಾಗ ಅವನ ತಂಡದವರಿಗೇ ಅದು ಅನಿರೀಕ್ಷಿತ ಅನ್ನಿಸುವುದಿಲ್ಲ. ಕೆಟ್ಟ ಬೈಗುಳಕ್ಕೆ ಮಾತ್ರ ಈ ಮೆಟ್ಟಿಲುಗಳು ಬೇಡ, ನಿಯಮದಲ್ಲೇ ಅದಕ್ಕೆ ನೇರ ಕೆಂಪು ಕಾರ್ಡ್ ಇದೆ.

ಅಡ್ವಾಂಟೇಜ್ ಕೊಟ್ಟಾಗ, ಅಂದರೆ ಫೌಲ್ ಆದರೂ ಪೆಟ್ಟು ತಿಂದ ತಂಡಕ್ಕೇ ಲಾಭ ಅಂತ ಆಟ ಮುಂದುವರಿಸಿದಾಗ, ಎರಡೂ ಕೈ ಚಾಚಿ ಜೋರಾಗಿ ಕೂಗಿ ಹೇಳಿ. ಇಲ್ಲದಿದ್ದರೆ ರೆಫರಿ ಫೌಲ್ ನೋಡಲೇ ಇಲ್ಲ ಅಂದುಕೊಂಡು ಆ ತಂಡದವರೇ ಸೇಡು ತೀರಿಸಿಕೊಳ್ಳಲು ಹೊರಡುತ್ತಾರೆ.

ತೀರ್ಪು ತಪ್ಪಾಯಿತು ಅನ್ನಿಸಿದರೆ ಆಟ ಮತ್ತೆ ಶುರುವಾಗುವ ಮುಂಚೆ ಬದಲಿಸಬಹುದು, ಅಸಿಸ್ಟೆಂಟ್ ರೆಫರಿಯನ್ನು ಕೇಳಲು ಹಿಂಜರಿಯಬೇಡಿ. ಶುರುವಾದ ಮೇಲೆ ಅದನ್ನು ಅಲ್ಲಿಗೇ ಬಿಡಿ. ಸರಿದೂಗಿಸಲು ಇನ್ನೊಂದು ತಂಡಕ್ಕೆ ಇಲ್ಲದ ಫ್ರೀ ಕಿಕ್ ಕೊಡಲು ಹೋದರೆ ಎರಡೂ ಕಡೆಯವರ ನಂಬಿಕೆ ಕಳೆದುಕೊಳ್ಳುತ್ತೀರಿ.