ಮಣ್ಣಿನ ಗೋಡೆಗೆ ಎಮಲ್ಷನ್ ಬೇಡ ಅಣ್ಣ

ಅಣ್ಣ, ಶಿಡ್ಲಘಟ್ಟ ಕಡೆಯ ನಿಮ್ಮ ಮನೆಗೆ ಯಾವ ಬಣ್ಣ ಹೊಡೆಸ್ಲಿ ಅಂತ ಕೇಳಿದ್ರಲ್ಲ: ಹಿಂದೆ ತಾತನ ಕಾಲದ ಮಣ್ಣಿನ ಗೋಡೆ, ಕಲ್ಲು ಚಪ್ಪಡಿ ಸೂರು; ಮುಂದೆ ಹೊಸ ಹಾಲ್ (ನಡುಮನೆ), ಅಡುಗೆಮನೆ; ಪಕ್ಕದಲ್ಲಿ ರೇಷ್ಮೆ ಹುಳು ಸಾಕೋ ಮನೆ. ಅಂಗಡಿಯವರು ಎಲ್ಲಕ್ಕೂ ಒಂದೇ ಎಮಲ್ಷನ್ (ನೀರಲ್ಲಿ ಕಲಸೋ ಪ್ಲಾಸ್ಟಿಕ್ ಬಣ್ಣ) ಸಾಕು ಅಂದ್ರಂತೆ. ಒಪ್ಕೋಬೇಡಿ. ಶೇಡ್ ಕಾರ್ಡ್ ಆಮೇಲೆ, ಮೊದಲು ಗೋಡೆ ಮುಟ್ಟಿ ನೋಡಿ.

ಮಣ್ಣಿನ ಗೋಡೆಗೆ ಸುಣ್ಣವೇ ಸರಿ. ನಾನು ಚಂದ ಕಾಣ್ಲಿ ಅಂತ ಪುಟ್ಟಿ (ಗೋಡೆ ನುಣುಪು ಮಾಡೋ ಲೇಪ) ಎಳೆಸಿ ಎಮಲ್ಷನ್ ಹೊಡೆಸಿದ್ದೆ. ಒಂದು ಮಳೆಗಾಲ ಕಳೆಯೋದ್ರಲ್ಲಿ ನೆಲದಿಂದ ಎರಡಡಿವರೆಗೂ ಹಪ್ಪಳದ ಹಾಗೆ ಎದ್ದು ಕೂತಿತು. ಉಗುರು ತಾಕಿಸಿದ್ರೆ ಪುಟ್ಟಿ ಸಮೇತ ಕೈಗೆ ಬರೋದು, ಒಳಗೆ ಮಣ್ಣು ಹಸಿಹಸಿ. ಪಾಯದಿಂದ ಏರೋ ತೇವ ಸುಣ್ಣದಲ್ಲಾದ್ರೆ ಹೊರಗೆ ಆರಿಹೋಗುತ್ತೆ, ಎಮಲ್ಷನ್ ಅದನ್ನ ಒಳಗೇ ಕಟ್ಟಿಹಾಕುತ್ತೆ. ಅರಳಿದ ಸುಣ್ಣ ಸೋಸಿ, ಗೋಡೆಗೆ ನೀರು ಚಿಮುಕಿಸಿ, ತೆಳ್ಳಗೆ ಎರಡು ಮೂರು ಸಲ ಬಳೀರಿ. ದಪ್ಪ ಬಳಿದ್ರೆ ಉದುರುತ್ತೆ.

ಹೊಸ ಹಾಲ್‌ಗೆ ಎಮಲ್ಷನ್ ಧಾರಾಳವಾಗಿ ಹೊಡೆಸಿ, ಆದ್ರೆ ಗಾರೆ ಆಗಿ 28 ದಿನವಾದ್ರೂ ಕಳೀಲಿ. ಅನುಮಾನ ಇದ್ರೆ ಗೋಡೆಗೆ ಒಂದು ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಕಡೆ ಟೇಪ್ ಅಂಟಿಸಿ. ಮಾರನೇ ದಿನ ಹಾಳೆಯ ಒಳಮೈಯಲ್ಲಿ ಹನಿ ಕಂಡ್ರೆ ಗೋಡೆ ಇನ್ನೂ ಆರಿಲ್ಲ ಅಂತ. ಪುಟ್ಟಿ, ಅದರ ಮೇಲೆ ಪ್ರೈಮರ್ (ಬಣ್ಣ ಹಿಡಿಯೋಕೆ ಮೊದಲು ಬಳಿಯೋದು), ಆಮೇಲೆ ಎಮಲ್ಷನ್ ಎರಡು ಕೋಟ್. 10ಕ್ಕೆ 12 ಅಡಿ, ಹತ್ತಡಿ ಎತ್ತರದ ರೂಮಾದ್ರೆ ಬಾಗಿಲು ಕಿಟಕಿ ಕಳೆದು ಸುಮಾರು 400 ಚದರಡಿ ಗೋಡೆ. ಎರಡು ಕೋಟ್‌ಗೆ ಆರೇಳು ಲೀಟರ್ ಹಿಡಿಯುತ್ತೆ. ಒಳಗಿನ ಸೀಲಿಂಗ್ ಯಾರೂ ಮುಟ್ಟಲ್ಲ, ಅಲ್ಲಿ ಅಗ್ಗದ ಬಣ್ಣ ಡಿಸ್ಟೆಂಪರೇ ಸಾಕು, ದುಡ್ಡು ಉಳಿಯುತ್ತೆ.

ಅಡುಗೆಮನೆಗೆ ಒರೆಸಿ ತೊಳೆಯೋಕಾಗೋ, ಸ್ವಲ್ಪ ಹೊಳಪಿರೋ ಎಮಲ್ಷನ್ ತಗೊಳ್ಳಿ. ಒಗ್ಗರಣೆ ಜಿಡ್ಡು ಹತ್ತುತ್ತೆ ಅಂತ ಆಯಿಲ್ ಪೇಂಟ್ ಹೊಡೆಸೋಕೆ ಹೋಗ್ಬೇಡಿ. ಹೊಸ ಸಿಮೆಂಟಿನ ಕ್ಷಾರ ಅದರ ಎಣ್ಣೆಯನ್ನ ಸೋಪು ಮಾಡಿಬಿಡುತ್ತೆ, ಗೋಡೆ ಅಂಟಂಟು.

ಆಯಿಲ್ ಪೇಂಟಿನ ಜಾಗ ಬಾಗಿಲು, ಕಿಟಕಿ, ಗ್ರಿಲ್. ಮರಕ್ಕೆ ವುಡ್ ಪ್ರೈಮರ್, ಕಬ್ಬಿಣಕ್ಕೆ ರೆಡ್ ಆಕ್ಸೈಡ್ ಮೊದಲು. ತಾತನ ಕಾಲದ ಬಾಗಿಲನ್ನ ಮಾತ್ರ ಒಣಗಿದ ಹಾಗೇ ಉಜ್ಜಿಸ್ಬೇಡಿ. ಬಣ್ಣದಲ್ಲಿ ಸೀಸ (ಲೆಡ್ ಅನ್ನೋ ವಿಷ) 90 ಪಿಪಿಎಂ, ಅಂದ್ರೆ ಹತ್ತು ಲಕ್ಷ ಭಾಗಕ್ಕೆ 90 ಭಾಗ, ಮೀರಬಾರದು ಅನ್ನೋ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ ಎಷ್ಟಿದೆಯೋ, ಆ ಧೂಳು ಮಕ್ಕಳ ಹೊಟ್ಟೆಗೆ ಹೋಗ್ಬಾರದು. ನೀರು ಹಾಕಿಕೊಂಡು ಉಜ್ಜಿಸಿ, ಕೆಲಸ ಮುಗಿಯೋವರೆಗೂ ಮಕ್ಕಳನ್ನ ಅಜ್ಜಿ ಮನೆಗೆ ಕಳಿಸಿ.

ಇನ್ನು ಹುಳು ಮನೆ. ಅಲ್ಲಿ ಒಳಗೆ ಸುಣ್ಣ ಬಿಟ್ಟು ಬೇರೆ ಏನೂ ಬೇಡ. ಪ್ರತಿ ಬೆಳೆಗೂ ಬ್ಲೀಚಿಂಗ್ ಪುಡಿ, ಸುಣ್ಣದ ನೀರು ಹೊಡೀತೀರಿ, ದುಬಾರಿ ಬಣ್ಣ ಅಲ್ಲಿ ದಂಡ. ಅದರ ಬಾಗಿಲಿಗೆ ಪೇಂಟ್ ಆಗ್ಲೇಬೇಕು ಅಂದ್ರೆ ಚಂದ್ರಿಕೆಯಿಂದ (ಹುಳು ಗೂಡು ಕಟ್ಟೋ ತಟ್ಟೆ) ಗೂಡು ಬಿಡಿಸಿದ ಮಾರನೇ ದಿನವೇ ಮುಗಿಸಿ, ಕಿಟಕಿ ತೆಗೆದಿಡಿ. ಹುಳಕ್ಕೆ ಆ ವಾಸನೆ ಆಗಲ್ಲ. ನಿಮ್ಮ ಮೂಗಿಗೆ ಒಂಚೂರು ಬಂದ್ರೂ ಹೊಸ ಚಾಕಿ (ಎಳೆ ಹುಳು) ತರಬೇಡಿ.