ಮಬ್ಬಾದ ಸಿಟ್ಯಾಬ್ ಮೈಕ್ರೋಎಮಲ್ಷನ್‌ಗೆ ಅಮೋನಿಯಾ ಹಾಕಬೇಡಿ

ಸಿಟ್ಯಾಬ್ (CTAB) ಒಂದು ಸರ್ಫ್ಯಾಕ್ಟಂಟ್, ಅಂದರೆ ಸಾಬೂನಿನಂಥ ವಸ್ತು. ಅದು ಎಣ್ಣೆಯಲ್ಲಿ ನೀರಿನ ಅತಿ ಸಣ್ಣ ಹನಿಗಳನ್ನು ಹಿಡಿದಿಡುವ ದ್ರಾವಣವೇ ಇಲ್ಲಿನ ಮೈಕ್ರೋಎಮಲ್ಷನ್; ಆ ಹನಿಗಳೊಳಗೆ ಸೀರಿಯಾ (ಸೀರಿಯಂ ಆಕ್ಸೈಡ್) ಕಣ ಮಾಡಲು ಹೊರಟ ನೀವು ನಿಮ್ಮ ಪೋಸ್ಟ್‌ನಲ್ಲಿ "ರಾತ್ರಿ ತಿಳಿಯಾಗಿತ್ತು, ಬೆಳಿಗ್ಗೆ ಸ್ವಲ್ಪ ಮಬ್ಬಾಗಿತ್ತು, ಹಾಗೇ ಅಮೋನಿಯಾ ಹಾಕಿದೆ, ಸೀರಿಯಾ ಗಂಟುಗಂಟಾಗಿ ಬಂತು" ಅಂತ ಬರೆದಿದ್ದೀರಿ. ಓದಿ ಸುಮ್ನೆ ಇರಲಾಗಲಿಲ್ಲ. ಇದೇ ತಪ್ಪು ಮಾಡಿ ನಾನು ಒಂದು ಇಡೀ ಚಳಿಗಾಲ ಕಳೆದುಕೊಂಡಿದ್ದೇನೆ.

ನೀರು-ಸರ್ಫ್ಯಾಕ್ಟಂಟ್ ಅನುಪಾತ ಬದಲಿಸುವ ಮೊದಲು ಥರ್ಮಾಮೀಟರ್ ನೋಡಿ. ನೀರಿನಲ್ಲಿ ಸಿಟ್ಯಾಬ್‌ನ ಕ್ರಾಫ್ಟ್ ತಾಪಮಾನ, ಅಂದರೆ ಅದಕ್ಕಿಂತ ತಣ್ಣಗಾದರೆ ಸರ್ಫ್ಯಾಕ್ಟಂಟ್ ಸರಿಯಾಗಿ ಕರಗದೆ ಹರಳಾಗುವ ಮಟ್ಟ, ಸುಮಾರು 25 ಡಿಗ್ರಿ. ಬ್ಯುಟನಾಲ್, ಉಪ್ಪು ಸೇರಿದರೆ ಆಚೀಚೆ ಆಗುತ್ತದೆ, ಆದರೆ ಡಿಸೆಂಬರ್ ಬೆಳಿಗ್ಗೆ ನಮ್ಮ ಧಾರವಾಡದ ಲ್ಯಾಬ್ ಅದಕ್ಕಿಂತ ತಣ್ಣಗಿರುತ್ತಿತ್ತು. ಒಂದು ದಿನ ಫ್ಲಾಸ್ಕನ್ನು ಕಿಟಕಿಯ ಬೆಳಕಿಗೆ ಹಿಡಿದೆ. ತಳದಲ್ಲಿ ಬಿಳಿ ಸೂಜಿಯಂಥ ಹರಳುಗಳು. ಅದು ಸಿಟ್ಯಾಬ್! ಹನಿಗಳ ಸುತ್ತ ಇರಬೇಕಾದದ್ದು ತಳ ಸೇರಿದರೆ ಹನಿಗಳು ಕೂಡಿಕೊಳ್ಳುತ್ತವೆ. ಆಮೇಲೆ ನೀವು ಮಾಡುವುದು ಬರೀ ಬೀಕರ್ ಪ್ರೆಸಿಪಿಟೇಷನ್ (ಹನಿಗಳ ಹಿಡಿತವಿಲ್ಲದೆ ನೇರ ಗಷ್ಟುಗಟ್ಟಿಸುವುದು), ಅಷ್ಟೇ.

ಈಗ ನಾನು ಎರಡೂ ಮೈಕ್ರೋಎಮಲ್ಷನ್‌ಗಳನ್ನು, ಸೀರಿಯಂ ನೈಟ್ರೇಟ್‌ನದ್ದು ಮತ್ತು ಅಮೋನಿಯಾದ್ದು, ಮುಚ್ಚಳ ಹಾಕಿ 30 ಡಿಗ್ರಿ ವಾಟರ್ ಬಾತ್‌ನಲ್ಲಿ ಅರ್ಧ ಗಂಟೆ ಇಡುತ್ತೇನೆ. ಹಿಂದೆ ಅಚ್ಚಾದ ಹಾಳೆ ಹಿಡಿದಾಗ ಅಕ್ಷರ ಚೊಕ್ಕವಾಗಿ ಕಾಣಬೇಕು. ಕಾಣದಿದ್ದರೆ ಬೆರೆಸಲೇಬೇಡಿ. ಹಾಟ್ ಪ್ಲೇಟ್ ಬೇಡ, ಎಣ್ಣೆಯಾಗಿ ಬಳಸುವ ಐಸೋಆಕ್ಟೇನ್ ಬೇಗ ಹೊತ್ತಿಕೊಳ್ಳುತ್ತದೆ. ಎಲ್ಲವೂ ಫ್ಯೂಮ್ ಹುಡ್ ಒಳಗೇ.

ನೀವು ಹಾಕಿದ ನೀರು-ಸರ್ಫ್ಯಾಕ್ಟಂಟ್ ಅನುಪಾತದ ಲೆಕ್ಕದಲ್ಲೂ ಒಂದು ತಪ್ಪಿದೆ. 25 ಶೇಕಡಾ ಅಮೋನಿಯಾದಲ್ಲಿ ಮುಕ್ಕಾಲು ಪಾಲು ನೀರೇ ಅಲ್ವಾ? ಅದನ್ನು ನೀವು ಲೆಕ್ಕಕ್ಕೆ ತಗೊಂಡೇ ಇಲ್ಲ. ಸೀರಿಯಂ ನೈಟ್ರೇಟ್ ಹೆಕ್ಸಾಹೈಡ್ರೇಟ್‌ನ ಹರಳಿನೊಳಗಿನ ನೀರನ್ನೂ ಲೆಕ್ಕಕ್ಕೆ ಸೇರಿಸಿ. ತೆರೆದು ತಿಂಗಳುಗಟ್ಟಲೆ ಇಟ್ಟ ಅಮೋನಿಯಾ ಬಾಟಲಿ ನಂಬಬೇಡಿ, ಶಕ್ತಿ ಇಳಿದಿರುತ್ತದೆ.

ಸಿಟ್ಯಾಬ್ ಸಿಗ್ಮಾ ಕಂಪನಿಯದ್ದೇ ಬೇಕೆಂದಿಲ್ಲ, ನನಗೆ ಎಸ್‌ಆರ್‌ಎಲ್ ಕಂಪನಿಯದ್ದು ಚೆನ್ನಾಗಿಯೇ ಕೆಲಸ ಮಾಡಿದೆ. ಕೆಳಗೆ ಯಾರೋ ಎಒಟಿ (AOT) ಎಂಬ ಇನ್ನೊಂದು ಸರ್ಫ್ಯಾಕ್ಟಂಟ್‌ಗೆ ಬದಲಾಯಿಸಿ ಅಂದಿದ್ದಾರೆ. ಪ್ರಬಲ ಕ್ಷಾರದಲ್ಲಿ ಅದರ ಎಸ್ಟರ್ ಒಡೆಯುತ್ತದೆ, ಸೋಡಿಯಂ, ಗಂಧಕ ಪುಡಿಯಲ್ಲಿ ಉಳಿಯುತ್ತವೆ. ಕ್ಯಾಟಲಿಸ್ಟ್‌ಗೆ ಬೇಕಾದರೆ ಅದರ ಸಹವಾಸವೇ ಬೇಡ.

ತೊಳೆಯುವುದನ್ನು ಅವಸರ ಮಾಡಬೇಡಿ. ಬರೀ ನೀರಿನಲ್ಲಿ ತೊಳೆದರೆ ನೊರೆ ಮುಗಿಯುವುದೇ ಇಲ್ಲ. ಮೊದಲು ಕ್ಲೋರೋಫಾರ್ಮ್-ಮೆಥನಾಲ್ ಸಮಪಾಲು, ಎರಡು ಮೂರು ಸಲ ಸೆಂಟ್ರಿಫ್ಯೂಜ್, ಕೊನೆಗೆ ಎಥನಾಲ್. ಸಿಟ್ಯಾಬ್ ಉಳಿದ ಪುಡಿಯನ್ನು ಮಫಲ್ ಫರ್ನೇಸ್‌ಗೆ ಹಾಕಿದರೆ ಹೊಗೆ ಎದ್ದು ಪುಡಿ ಕಪ್ಪಾಗುತ್ತದೆ. ನಾನು ನಿಮಿಷಕ್ಕೆ 2 ಡಿಗ್ರಿಯಂತೆ 450ರವರೆಗೆ ಏರಿಸುತ್ತೇನೆ. ಅದಕ್ಕಿಂತ ಜಾಸ್ತಿ ಮಾಡಿದರೆ ಕಣಗಳು ಅಂಟಿಕೊಂಡು ಬೆಳೆಯುತ್ತವೆ, ಪಟ್ಟ ಶ್ರಮವೆಲ್ಲ ಹೋಗುತ್ತದೆ.

ಇನ್ನೊಂದು, ಎಕ್ಸ್‌ಆರ್‌ಡಿಯಿಂದ (ಎಕ್ಸ್-ರೇ ಚದುರುವಿಕೆಯ ಪರೀಕ್ಷೆ) ಶೆರರ್ ಸೂತ್ರದ ಲೆಕ್ಕದಲ್ಲಿ ಬರುವುದು ಹರಳಿನ ಗಾತ್ರ. ಗಂಟು ಎಷ್ಟು ದೊಡ್ಡದು ಅಂತ ಅದು ಹೇಳುವುದಿಲ್ಲ, ಟಿಇಎಂ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಪರೀಕ್ಷೆ) ಮಾಡಿಸಲೇಬೇಕು.